ಆ ಡೀಸೆಲ್ ಗಾಡಿಗೆ ಅಡ್ವಾನ್ಸ್ ಹಾಕುವ ಮೊದಲು

ಪ್ರಶ್ನೆ: ನಾನು ರಾಣೆಬೆನ್ನೂರಿನವನು, ಹೈಸ್ಕೂಲ್ ಮೇಷ್ಟ್ರು. ಶಾಲೆ ಮನೆಯಿಂದ 22 ಕಿ.ಮೀ. ದೂರ. ಇಷ್ಟು ವರ್ಷ ಬೈಕಿನಲ್ಲೇ ಓಡಾಡಿದೆ. ಈಗ ಬೆನ್ನುನೋವು ಶುರುವಾಗಿದೆ, ಕಾರು ತಗೊಳ್ಳಿ ಅಂತ ಡಾಕ್ಟರೇ ಹೇಳಿದರು. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ಮಂಡಿನೋವಿರುವ ಅಮ್ಮ. ಶಾಲೆ, ಊರು, ಮದುವೆ ಮುಂಜಿ ಎಲ್ಲ ಸೇರಿ ವರ್ಷಕ್ಕೆ 12 ಸಾವಿರ ಕಿ.ಮೀ. ಆಗಬಹುದು. ಕೈಯಲ್ಲಿ 3 ಲಕ್ಷ ಇದೆ. ತಿಂಗಳಿಗೆ 10 ಸಾವಿರದವರೆಗೆ ಕಂತು ಕಟ್ಟಬಲ್ಲೆ. ಶೋರೂಮಿನಲ್ಲಿ ಸಣ್ಣ ಪೆಟ್ರೋಲ್ ಕಾರಿಗೆ ಆನ್‌ರೋಡ್ 7.90 ಲಕ್ಷ ಹೇಳಿದ್ದಾರೆ. ಇತ್ತ ಬೆಂಗಳೂರಿನ ಬ್ರೋಕರ್ ಒಬ್ಬರು 2018ರ ಡೀಸೆಲ್ ಸೆಡಾನ್ ತೋರಿಸಿದ್ದಾರೆ. ಎರಡನೇ ಓನರ್, ಮೀಟರಿನಲ್ಲಿ 58 ಸಾವಿರ ಕಿ.ಮೀ., ಬೆಲೆ 4.75 ಲಕ್ಷ. 'ಸಾಲ ಸ್ವಲ್ಪ ಬಾಕಿ ಇದೆ, ಆರ್‌ಸಿ ಆಮೇಲೆ ಮಾಡಿಸಿಕೊಡ್ತೀನಿ, 50 ಸಾವಿರ ಅಡ್ವಾನ್ಸ್ ಹಾಕಿ' ಅನ್ನುತ್ತಿದ್ದಾರೆ. ಶೋರೂಮ್ ಬಾಗಿಲು ದಾಟಿದರೆ ಹೊಸ ಕಾರಿನ ಬೆಲೆ ಅರ್ಧ ಆಗುತ್ತೆ ಅಂತಾರೆ ನಮ್ಮ ಮಾವ. ಸೆಕೆಂಡ್ ಹ್ಯಾಂಡ್ ಅಂದ್ರೆ ಬೇರೆಯವರ ತಲೆನೋವು ದುಡ್ಡು ಕೊಟ್ಟು ತಗೊಂಡ ಹಾಗೆ ಅಂತಾನೆ ಭಾಮೈದ. ಯಾರ ಮಾತು ಕೇಳಲಿ?

ಉತ್ತರ: ಮೇಷ್ಟ್ರೇ, ಮೊದಲು ಒಂದು ಕೆಲಸ ಮಾಡಿ. ಆ 50 ಸಾವಿರ ಹಾಕಬೇಡಿ. ಹೊಸದೋ ಹಳೆಯದೋ ಎನ್ನುವುದನ್ನು ನಿಧಾನಕ್ಕೆ ತೀರ್ಮಾನ ಮಾಡೋಣ. ಅಡ್ವಾನ್ಸ್ ಕೊಟ್ಟ ಮೇಲೆ ಮಾತ್ರ ನಿಧಾನಿಸುವುದಕ್ಕೆ ಆಗುವುದಿಲ್ಲ.

ನಾನು ಗ್ಯಾರೇಜಿನಲ್ಲಿ ಕೆಲಸ ಕಲಿತವನು. ಆಮೇಲೆ ಬಹಳ ವರ್ಷ ವಿಮಾ ಸರ್ವೇಯರ್ ಆಗಿ ಗಾಡಿ ನೋಡಿದ್ದೇನೆ. ಹಾಗಾಗಿ ಕಾರು ಕೊಂಡ ದಿನದ ಸಂಭ್ರಮಕ್ಕಿಂತ, ಕೆಟ್ಟು ನಿಂತ ದಿನದ ಮುಖಗಳನ್ನೇ ಜಾಸ್ತಿ ಕಂಡಿದ್ದೇನೆ. ಆ ಅನುಭವದಿಂದಲೇ ಹೇಳುತ್ತೇನೆ: ನಿಮ್ಮ ಮಾವ, ಭಾಮೈದ ಇಬ್ಬರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಪೂರ್ತಿ ನಂಬಿದರೆ ಎರಡೂ ದಾರಿ ತಪ್ಪಿಸುತ್ತವೆ.

ಮಾವನವರ ಮಾತನ್ನೇ ಮೊದಲು ತಗೊಳ್ಳೋಣ. ವಿಮೆಯವರು ಗಾಡಿಗೆ ಬೆಲೆ ಕಟ್ಟುವುದಕ್ಕೆ ಒಂದು ಪಟ್ಟಿ ಇದೆ. ಹೊಸ ಗಾಡಿಗೆ ಆರು ತಿಂಗಳವರೆಗೆ ಶೇ. 5 ಕಳೆಯುತ್ತಾರೆ. ಒಂದು ವರ್ಷದ ಒಳಗಿದ್ದರೆ ಶೇ. 15, ಎರಡು ವರ್ಷದ ಒಳಗೆ ಶೇ. 20, ಮೂರರ ಒಳಗೆ 30, ನಾಲ್ಕರ ಒಳಗೆ 40. ಅರ್ಧ ಆಗುವುದು ಐದನೇ ವರ್ಷದಲ್ಲಿ. ಮಾರ್ಕೆಟ್ ಈ ಪಟ್ಟಿಯನ್ನು ಅಕ್ಷರಶಃ ಪಾಲಿಸುವುದಿಲ್ಲ. ಮಾರ್ಕೆಟ್ಟಿನಲ್ಲಿ ಒಳ್ಳೆ ಹೆಸರಿರುವ ಸಣ್ಣ ಪೆಟ್ರೋಲ್ ಕಾರು ಇದಕ್ಕಿಂತ ಚೆನ್ನಾಗಿ ಬೆಲೆ ಉಳಿಸಿಕೊಳ್ಳುತ್ತೆ, ಯಾರಿಗೂ ಬೇಡದ ಮಾಡೆಲ್ ಇದಕ್ಕಿಂತ ಬೇಗ ಇಳಿಯುತ್ತೆ. ಬಾಗಿಲು ದಾಟಿದ ಕೂಡಲೇ ಅರ್ಧ ಹೋಗುತ್ತೆ ಎನ್ನುವುದು ಮಾತ್ರ ಸುಳ್ಳು.

ಆದರೆ ಮಾವನವರು ಹೆದರುವುದಕ್ಕೂ ಒಂದು ಕಾರಣ ಇದೆ. ನಿಮಗೆ ಹೇಳಿದ 7.90 ಲಕ್ಷದಲ್ಲಿ ಗಾಡಿಯ ಬೆಲೆ ಎಷ್ಟು? ಎಕ್ಸ್‌ಶೋರೂಮ್ ಆರೂವರೆ ಲಕ್ಷದ ಆಸುಪಾಸು ಇರುತ್ತೆ. ಉಳಿದದ್ದು ತೆರಿಗೆ, ವಿಮೆ, ಮತ್ತು ಶೋರೂಮಿನವರು ಸೇರಿಸುವ ಚಿಲ್ಲರೆ ಪಲ್ಲರೆ. ನಮ್ಮ ರಾಜ್ಯದ ರಸ್ತೆ ತೆರಿಗೆ ದೇಶದಲ್ಲೇ ಜಾಸ್ತಿ ಇರುವ ಕಡೆಗಳಲ್ಲಿ ಒಂದು. 5ರಿಂದ 10 ಲಕ್ಷದ ಕಾರಿಗೆ ಶೇ. 14 ಜೀವಿತಾವಧಿ ತೆರಿಗೆ, ಆ ತೆರಿಗೆಯ ಮೇಲೆ ಸೆಸ್ ಬೇರೆ. ನಿಮ್ಮ ಕಾರಿಗೆ ಅದೇ ಒಂದು ಲಕ್ಷ ದಾಟುತ್ತೆ. ಗಾಡಿ ಮಾರುವಾಗ ಈ ಹಣವನ್ನು ಯಾರೂ ಪೂರ್ತಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದೇ ನೀವು ಕರ್ನಾಟಕದಲ್ಲೇ ನೋಂದಣಿಯಾದ ಹಳೆ ಕಾರು ಕೊಂಡರೆ, ಮೊದಲ ಓನರ್ ಕಟ್ಟಿದ ತೆರಿಗೆ ಗಾಡಿಯ ಜೊತೆಗೇ ಬರುತ್ತೆ. ನೀವು ಮತ್ತೆ ಕಟ್ಟಬೇಕಾಗಿಲ್ಲ. ನಮ್ಮ ರಾಜ್ಯದಲ್ಲಿ ಸೆಕೆಂಡ್ ಹ್ಯಾಂಡ್ ಗಾಡಿಗೆ ಇರುವ ನಿಜವಾದ ಲಾಭಗಳಲ್ಲಿ ಇದೂ ಒಂದು.

ಇನ್ನು ಭಾಮೈದನ ಮಾತು. ಜನ ಕಾರು ಮಾರುವುದು ತಲೆನೋವಿಗೇ ಅಂತ ಏನಿಲ್ಲ. ಮಗ ವಿದೇಶಕ್ಕೆ ಹೋದ, ಅಪ್ಪನಿಗೆ ಕಣ್ಣು ಮಂಜಾಯಿತು, ಮನೆಗೆ ದೊಡ್ಡ ಗಾಡಿ ಬೇಕಾಯಿತು, ಕಂತು ಕಟ್ಟಲು ಆಗಲಿಲ್ಲ. ಹೀಗೆ ಮಾರುವವರ ಗಾಡಿಗಳು ಎಷ್ಟೋ ಚೆನ್ನಾಗಿರುತ್ತವೆ. ಕೊಳ್ಳುವವರಿಗೆ ಮಾರುವ ಕಾರಣ ಗೊತ್ತಾಗದಿದ್ದಾಗಲೇ ತೊಂದರೆ. ಅದಕ್ಕೇ ಗುರುತಿನವರ ಗಾಡಿಗೆ ಹತ್ತಿಪ್ಪತ್ತು ಸಾವಿರ ಜಾಸ್ತಿ ಕೊಟ್ಟರೂ ನಷ್ಟ ಇಲ್ಲ ಅಂತ ನಾನು ಹೇಳುವುದು.

ಈಗ ಲೆಕ್ಕಕ್ಕೆ ಬರೋಣ. ನೀವು ಮೇಷ್ಟ್ರು, ಪೆನ್ನು ಹಿಡಿದು ಜೊತೆಗೇ ಹಾಕಿ. ಬೆಲೆ ಎಷ್ಟು ಅಂತ ಬಿಡಿ. ಗಾಡಿ ನಿಮ್ಮ ಹತ್ತಿರ ಇರುವಷ್ಟು ವರ್ಷ, ವರ್ಷಕ್ಕೆ ಎಷ್ಟು ತಿನ್ನುತ್ತೆ ಅಂತ ನೋಡಿ. ಆರು ವರ್ಷ ಇಟ್ಟುಕೊಳ್ಳುತ್ತೀರಿ ಅಂತ ಇಟ್ಟುಕೊಳ್ಳೋಣ.

ಹೊಸ ಕಾರು 7.90 ಲಕ್ಷ. ಕೈಯಿಂದ 2.90 ಹಾಕಿ, 5 ಲಕ್ಷ ಸಾಲ ಮಾಡುತ್ತೀರಿ. ಶೇ. 9 ಬಡ್ಡಿ, ಐದು ವರ್ಷ ಅಂದರೆ ಕಂತು ತಿಂಗಳಿಗೆ 10,400 ಹತ್ತಿರ ಬರುತ್ತೆ. ನೀವು ಹೇಳಿದ ಮಿತಿಗಿಂತ ಒಂಚೂರು ಜಾಸ್ತಿ. ಬಡ್ಡಿಯೇ ಒಟ್ಟು 1.23 ಲಕ್ಷ. ಆರು ವರ್ಷದ ನಂತರ ಮಾರಿದರೆ 3.50 ಲಕ್ಷ ಬರಬಹುದು ಅಂತ ನನ್ನ ಅಂದಾಜು. ಅಂದರೆ ಬೆಲೆಯಲ್ಲಿ ಹೋಗಿದ್ದು 4.40, ಬಡ್ಡಿ ಸೇರಿ 5.63 ಲಕ್ಷ. ವರ್ಷಕ್ಕೆ 94 ಸಾವಿರ.

ಈಗ ಮೂರು ವರ್ಷ ಹಳೆಯ, ಒಬ್ಬರೇ ಓನರ್ ಇರುವ, ಇದೇ ಥರದ ಪೆಟ್ರೋಲ್ ಕಾರು 5 ಲಕ್ಷಕ್ಕೆ ಸಿಕ್ಕಿತು ಅಂತ ಇಟ್ಟುಕೊಳ್ಳಿ. ಕೈಯಿಂದ ಎರಡೂವರೆ, ಸಾಲ ಎರಡೂವರೆ. ಹಳೆ ಗಾಡಿಯ ಸಾಲಕ್ಕೆ ಬಡ್ಡಿ ಜಾಸ್ತಿ, ಶೇ. 13 ಹಿಡಿಯೋಣ. ಮೂರು ವರ್ಷಕ್ಕೆ ಕಂತು 8,400, ಬಡ್ಡಿ ಒಟ್ಟು 53 ಸಾವಿರ. ಆರ್‌ಸಿ ವರ್ಗಾವಣೆ, ತಪಾಸಣೆ ಎಲ್ಲ ಸೇರಿ 10 ಸಾವಿರ. ಕೊಂಡ ಮೇಲೆ ಟೈರು, ಬ್ಯಾಟರಿ, ಬ್ರೇಕು ಅಂತ 40 ಸಾವಿರ. ಮುಂದಿನ ಆರು ವರ್ಷದಲ್ಲಿ ಹೊಸ ಕಾರಿಗಿಂತ ಹೆಚ್ಚಾಗಿ ಬರುವ ರಿಪೇರಿ 60 ಸಾವಿರ. ಕೊನೆಗೆ 2.20 ಲಕ್ಷಕ್ಕೆ ಮಾರಿದಿರಿ. ಎಲ್ಲ ಕೂಡಿದರೆ 4.43 ಲಕ್ಷ. ವರ್ಷಕ್ಕೆ 74 ಸಾವಿರ.

ವ್ಯತ್ಯಾಸ ವರ್ಷಕ್ಕೆ 20 ಸಾವಿರ. ಆರು ವರ್ಷಕ್ಕೆ 1.20 ಲಕ್ಷ. ಈ ಅಂಕಿಯನ್ನು ದಯವಿಟ್ಟು ನೆನಪಿಡಿ. ಹಳೆ ಕಾರು ಅರ್ಧ ದುಡ್ಡಿಗೆ ಸಿಗುತ್ತೆ ಅಂತ ಜನ ಭಾವಿಸುತ್ತಾರೆ. ಇಟ್ಟುಕೊಳ್ಳುವ ಖರ್ಚಿನಲ್ಲಿ ನೋಡಿದರೆ ಉಳಿತಾಯ ಅಷ್ಟು ದೊಡ್ಡದಲ್ಲ. ಒಂದೇ ಒಂದು ದೊಡ್ಡ ರಿಪೇರಿ ಬಂದರೆ ಆ 1.20 ಲಕ್ಷ ಪೂರ್ತಿ ಗ್ಯಾರೇಜಿಗೆ ಹೋಗುತ್ತೆ. ಹಾಗಾಗಿ ಸೆಕೆಂಡ್ ಹ್ಯಾಂಡ್ ಲಾಭ ಎನ್ನುವುದು ಗಾಡಿಯ ಹಿನ್ನೆಲೆ ಪೂರ್ತಿ ಗೊತ್ತಿರುವವರಿಗೆ ಮಾತ್ರ. ಗೊತ್ತಾಗುವ ದಾರಿ ಇಲ್ಲದಿದ್ದರೆ ಸುಮ್ನೆ ಹೊಸದನ್ನೇ ತಗೊಳ್ಳಿ.

ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ ಎನ್ನುವುದರ ಮೇಲೆ ಲೆಕ್ಕ ಬದಲಾಗುತ್ತೆ. ಹತ್ತು ಹನ್ನೆರಡು ವರ್ಷ ಒಂದೇ ಗಾಡಿ ಓಡಿಸುವ ಜಾಯಮಾನ ನಿಮ್ಮದಾದರೆ ಹೊಸ ಕಾರಿಗೆ ಕೊಟ್ಟ ದುಡ್ಡು ಅಷ್ಟು ವರ್ಷಕ್ಕೆ ಹಂಚಿಹೋಗುತ್ತೆ, ವ್ಯತ್ಯಾಸ ಇನ್ನೂ ಕಮ್ಮಿ. ಮೂರು ನಾಲ್ಕು ವರ್ಷಕ್ಕೇ ಬದಲಿಸುವವರಿಗೆ ಹೊಸ ಕಾರು ದುಬಾರಿ ಬಾಬ್ತು.

ಇನ್ನೊಂದು ಹೊಸ ವಿಷಯ ಇದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ, ಮೇಲಿನ ಸೆಸ್ ಕೂಡ ಹೋಗಿದೆ. ನಾಲ್ಕು ಮೀಟರಿಗಿಂತ ಉದ್ದ ಇಲ್ಲದ, 1200 ಸಿಸಿವರೆಗಿನ ಪೆಟ್ರೋಲ್ ಮತ್ತು 1500 ಸಿಸಿವರೆಗಿನ ಡೀಸೆಲ್ ಗಾಡಿಗಳಿಗೆ ಇದು ಅನ್ವಯ. ಹೊಸ ಕಾರಿನ ಬೆಲೆ ಇಳಿದ ಮೇಲೆ ಹಳೆಯದರ ಬೆಲೆಯೂ ಇಳಿಯಬೇಕು ಅಲ್ವಾ? ಆದರೆ ಮಾರುವವರು 'ನಾನು ಎಂಟೂವರೆ ಕೊಟ್ಟು ತಗೊಂಡಿದ್ದೆ' ಅಂತ ಅಲ್ಲಿಂದಲೇ ಮಾತು ಶುರು ಮಾಡುತ್ತಾರೆ. ಅವರು ಕೊಟ್ಟಿದ್ದು ನಿಮಗೆ ಸಂಬಂಧ ಇಲ್ಲ. ಅದೇ ಮಾಡೆಲ್ ಇವತ್ತು ಹೊಸದಾಗಿ ಎಷ್ಟಕ್ಕೆ ಸಿಗುತ್ತೆ ಅಂತ ಕೇಳಿಕೊಂಡು, ಅಲ್ಲಿಂದ ಕೆಳಗೆ ಎಣಿಸಿ. ಮೂರು ವರ್ಷದ ಗಾಡಿಗೂ ಹೊಸದಕ್ಕೂ ಆನ್‌ರೋಡ್‌ನಲ್ಲಿ ಎರಡು ಲಕ್ಷದಷ್ಟೂ ವ್ಯತ್ಯಾಸ ಇಲ್ಲ ಅಂದರೆ ನಾನಾದರೆ ಹೊಸದನ್ನೇ ತಗೊಳ್ಳುತ್ತೇನೆ.

ಹಳೆ ಗಾಡಿಗೂ ಶೇ. 18 ಜಿಎಸ್‌ಟಿ ಅಂತ ಸುದ್ದಿ ಹಬ್ಬಿದೆ. ಅದು ನೋಂದಾಯಿತ ಡೀಲರ್ ತನ್ನ ಲಾಭದ ಮೇಲೆ ಕಟ್ಟಬೇಕಾದ ತೆರಿಗೆ. ಗಾಡಿಯ ಪೂರ್ತಿ ಬೆಲೆಯ ಮೇಲಲ್ಲ. ಸ್ವಂತಕ್ಕೆ ಗಾಡಿ ಇಟ್ಟುಕೊಂಡವರಿಂದ ನೀವು ನೇರವಾಗಿ ಕೊಂಡರೆ ಅದೂ ಇಲ್ಲ.

ಈಗ ಆ ಬೆಂಗಳೂರು ಗಾಡಿಯ ವಿಷಯ. ನೀವು ಬರೆದ ನಾಲ್ಕು ಸಾಲಿನಲ್ಲೇ ನನಗೆ ಅನುಮಾನ ಬರುವ ಸಂಗತಿಗಳಿವೆ.

ಒಂದು, ಮೀಟರ್. 2018ರ ಡೀಸೆಲ್ ಸೆಡಾನ್ ಬರೀ 58 ಸಾವಿರ ಓಡಿದೆಯಂತೆ. ಆಗದ ಮಾತಲ್ಲ. ಆದರೆ ಆ ಕಾಲದಲ್ಲಿ ಪೆಟ್ರೋಲಿಗಿಂತ ಲಕ್ಷ ರೂಪಾಯಿ ಜಾಸ್ತಿ ಕೊಟ್ಟು ಡೀಸೆಲ್ ತಗೊಂಡವರು ತುಂಬ ಓಡಿಸಬೇಕು ಅಂತಲೇ ತಗೊಂಡವರು. ಬೆಂಗಳೂರಿನಲ್ಲಿ ಈ ಥರದ ಸೆಡಾನ್‌ಗಳು ಟ್ಯಾಕ್ಸಿಯಾಗಿ ಬೇಕಾದಷ್ಟು ಓಡಿವೆ. ಯೆಲ್ಲೋ ಬೋರ್ಡ್ ಗಾಡಿಯನ್ನು ಪರ್ಮಿಟ್ ಒಪ್ಪಿಸಿ, ತೆರಿಗೆ ಕಟ್ಟಿ ವೈಟ್ ಬೋರ್ಡ್ ಮಾಡಿಸುವುದು ಕಾನೂನಿನಲ್ಲೇ ಇದೆ. ಅದನ್ನು ಮುಚ್ಚಿಟ್ಟು ಮೀಟರ್ ಹಿಂದಕ್ಕೆ ತಿರುಗಿಸಿ ಮಾರುವುದು ಮೋಸ. ಡಿಜಿಟಲ್ ಮೀಟರ್ ತಿರುಗಿಸುವುದು ಈಗ ಅರ್ಧ ಗಂಟೆ ಕೆಲಸ. ಸೀಟು, ಸ್ಟೀರಿಂಗ್, ಪೆಡಲ್ ರಬ್ಬರ್ ನೋಡಿ. 58 ಸಾವಿರಕ್ಕೆ ಬ್ರೇಕ್ ಪೆಡಲಿನ ರಬ್ಬರ್ ನುಣ್ಣಗೆ ಸವೆಯುವುದಿಲ್ಲ. ಡ್ರೈವರ್ ಸೀಟಿನ ಬಲ ಅಂಚು ಕುಸಿಯುವುದಿಲ್ಲ. ಹಿಂದಿನ ಸೀಟು ಮುಂದಿನದಕ್ಕಿಂತ ಜಾಸ್ತಿ ಸವೆದಿದ್ದರೆ ಅದು ಮನೆಯ ಗಾಡಿ ಆಗಿರುವ ಸಾಧ್ಯತೆ ಕಮ್ಮಿ. ಇದೆಲ್ಲಕ್ಕಿಂತ ಗಟ್ಟಿ ಸಾಕ್ಷಿ ಕಂಪನಿ ಸರ್ವಿಸ್ ಸೆಂಟರಿನ ದಾಖಲೆ. ಓನರ್ ಜೊತೆ ಹೋಗಿ, ನೋಂದಣಿ ಸಂಖ್ಯೆ ಕೊಟ್ಟು ಸರ್ವಿಸ್ ಹಿಸ್ಟರಿ ತೆಗೆಸಿ. ಪ್ರತಿ ಸಲ ಬಂದಾಗ ಎಷ್ಟು ಕಿ.ಮೀ. ಆಗಿತ್ತು ಅಂತ ಅದರಲ್ಲಿ ಇರುತ್ತೆ. ಎರಡು ವರ್ಷದ ಹಿಂದೆ 90 ಸಾವಿರ ಇದ್ದದ್ದು ಈಗ 58 ಆಗಿದ್ದರೆ ಅಲ್ಲಿಗೆ ಮಾತು ಮುಗಿಯಿತು.

ಎರಡು, ಮಳೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಹೊರವರ್ತುಲ ರಸ್ತೆ ಕಡೆ ನೀರು ನುಗ್ಗಿದ್ದು ನಿಮಗೆ ನೆನಪಿರಬಹುದು. ನೆಲಮಾಳಿಗೆಯ ಪಾರ್ಕಿಂಗಿನಲ್ಲಿದ್ದ ಕಾರುಗಳು ಪೂರ್ತಿ ಮುಳುಗಿದ್ದವು. ರಿಪೇರಿ ಖರ್ಚು ವಿಮೆಯ ಬೆಲೆಯ ಶೇ. 75 ದಾಟಿದರೆ ನಾವು ಅದನ್ನು ಟೋಟಲ್ ಲಾಸ್ ಅಂತ ಬರೆಯುತ್ತೇವೆ. ಅಂಥ ಗಾಡಿಗಳನ್ನು ಗುಜರಿ ಬೆಲೆಗೆ ಕೊಂಡು, ತೊಳೆದು ಒಣಗಿಸಿ ಮತ್ತೆ ಮಾರುವವರಿದ್ದಾರೆ. ನೋಡುವುದಕ್ಕೆ ಫಳಫಳ. ಆರು ತಿಂಗಳಾದ ಮೇಲೆ ವೈರಿಂಗ್ ಒಂದೊಂದೇ ಕೈಕೊಡುತ್ತೆ. ಇದನ್ನು ಪತ್ತೆ ಮಾಡುವುದು ಸುಲಭ. ಸೀಟ್ ಬೆಲ್ಟನ್ನು ಕೊನೆವರೆಗೂ ಎಳೆಯಿರಿ. ಎಷ್ಟೇ ತೊಳೆದರೂ ಒಳಗಿನ ಸುರುಳಿಯಲ್ಲಿ ಕೆಸರಿನ ಕಲೆ ಉಳಿದಿರುತ್ತೆ. ಕಾಲಡಿಯ ಕಾರ್ಪೆಟ್ ಎತ್ತಿ ಮೂಸಿ ನೋಡಿ, ಮುಗ್ಗಲು ವಾಸನೆ ಬರುತ್ತಾ ಅಂತ. ಸೀಟಿನ ಅಡಿಯ ಬೋಲ್ಟ್‌ಗಳು ತುಕ್ಕು ಹಿಡಿದಿದ್ದರೆ ಅಲ್ಲಿವರೆಗೂ ನೀರು ಬಂದಿತ್ತೇನೋ ಅಂತ ಅನುಮಾನಿಸಿ.

ಮೂರು, ಬಾಕಿ ಇರುವ ಸಾಲ. ನನಗೆ ಎಲ್ಲಕ್ಕಿಂತ ಜಾಸ್ತಿ ಹೆದರಿಕೆ ಆಗಿದ್ದು ಇದನ್ನು ಓದಿ. ಸಾಲ ಇರುವ ಗಾಡಿಯ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹೈಪೋಥಿಕೇಷನ್, ಅಂದರೆ ಗಾಡಿ ಸಾಲಕ್ಕೆ ಅಡವಾಗಿದೆ, ಅಂತ ನಮೂದಾಗಿರುತ್ತೆ. ಸಾಲ ತೀರಿಸಿ, ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಎನ್ನುವ ಪತ್ರ) ಮತ್ತು ಫಾರಂ 35 ಕೊಟ್ಟು ಆ ಹೆಸರು ತೆಗೆಸಬೇಕು. ಅಲ್ಲಿವರೆಗೆ ಗಾಡಿ ನಿಮ್ಮ ಹೆಸರಿಗೆ ಬರುವುದಿಲ್ಲ. 'ಆಮೇಲೆ ಮಾಡಿಸಿಕೊಡ್ತೀನಿ' ಅಂದರೆ, ನಿಮ್ಮ ದುಡ್ಡಲ್ಲಿ ಅವರು ಸಾಲ ತೀರಿಸುತ್ತಾರೆ ಅಂತ ನೀವು ನಂಬಬೇಕು ಅಂತ ಅರ್ಥ. ತೀರಿಸದಿದ್ದರೆ ಬ್ಯಾಂಕಿನವರು ನಿಮ್ಮ ಮನೆ ಮುಂದಿನಿಂದಲೇ ಗಾಡಿ ಎಳೆದುಕೊಂಡು ಹೋಗಬಹುದು. ಸಾಲ ಇರುವ ಗಾಡಿ ಕೊಳ್ಳಲೇಬಾರದು ಅಂತ ಅಲ್ಲ. ಬ್ಯಾಂಕಿನಿಂದ ಎಷ್ಟು ಬಾಕಿ ಅಂತ ಪತ್ರ ತರಿಸಿ, ಆ ಮೊತ್ತವನ್ನು ನೇರವಾಗಿ ಸಾಲದ ಖಾತೆಗೇ ಕಟ್ಟಿ, ಉಳಿದದ್ದನ್ನು ಓನರಿಗೆ ಕೊಡಿ. ಬ್ರೋಕರ್ ಕೈಗೆ ನಗದು ಕೊಡಬೇಡಿ.

ಇನ್ನು ಆರ್‌ಸಿ. ಗಾಡಿ ಕೈ ಬದಲಾದ ಮೇಲೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಅದಕ್ಕೆ ಫಾರಂ 29 ಮತ್ತು 30. ಇದು ಮಾರುವವರ ತಲೆಬಿಸಿಯೂ ಹೌದು. ಆರ್‌ಸಿಯಲ್ಲಿ ಹೆಸರಿರುವವರೇ ಓನರ್, ಗಾಡಿ ಎಷ್ಟು ಕೈ ಬದಲಾಗಿದ್ದರೂ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಸರಿಯಾದ ಓನರ್ ಆಗಿದ್ದರೆ ವರ್ಗಾವಣೆಗೆ ನಿಮಗಿಂತ ಅವರೇ ಅವಸರ ಮಾಡುತ್ತಾರೆ. ಅವಸರ ಇಲ್ಲದವರನ್ನು ಕಂಡರೆ ನನಗೆ ಅನುಮಾನ.

ವಿಮೆಯಲ್ಲಿ ಜನ ಹೇಗೆ ಸಿಕ್ಕಿಬೀಳುತ್ತಾರೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ. ಗಾಡಿ ಕೊಂಡರು, ಪಾಲಿಸಿ ಇನ್ನೂ ಎಂಟು ತಿಂಗಳು ಇದೆ ಅಂತ ಹಳೆ ಹೆಸರಿನಲ್ಲೇ ಬಿಟ್ಟರು. ಅಪಘಾತ ಆಯಿತು. ಎದುರಿನವರಿಗೆ ಕೊಡುವ ಥರ್ಡ್ ಪಾರ್ಟಿ ಪರಿಹಾರಕ್ಕೆ ತೊಂದರೆ ಇಲ್ಲ, ಅದು ಗಾಡಿಯ ಜೊತೆ ತಾನಾಗಿ ಬರುತ್ತೆ. ಆದರೆ ತಮ್ಮ ಗಾಡಿಯ ರಿಪೇರಿಗೆ ಕ್ಲೇಮ್ ಹಾಕಿದಾಗ ಪಾಲಿಸಿಯಲ್ಲಿರುವ ಹೆಸರು ಬೇರೆ, ಓನರ್ ಬೇರೆ. ಕ್ಲೇಮ್ ತಿರಸ್ಕಾರ. ಸರ್ವೇಯರ್ ಆದ ನನಗೂ ಅವರ ಮುಂದೆ ನಿಂತು ಹೇಳಲು ಬೇರೆ ಮಾತಿರುತ್ತಿರಲಿಲ್ಲ. ಕೊಂಡ 14 ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಟ್ಟು ಪಾಲಿಸಿ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಹಳೆ ಓನರ್ ಕ್ಲೇಮ್ ಮಾಡದೆ ಗಳಿಸಿದ ನೋ ಕ್ಲೇಮ್ ಬೋನಸ್, ಅಂದರೆ ಪ್ರೀಮಿಯಂ ರಿಯಾಯಿತಿ, ಶೇ. 50ರವರೆಗೂ ಇರಬಹುದು. ಅದು ಅವರದ್ದು, ಗಾಡಿಯದ್ದಲ್ಲ. ಹೆಸರು ಬದಲಿಸುವಾಗ ಆ ವ್ಯತ್ಯಾಸದ ಹಣ ನೀವು ಕಟ್ಟಬೇಕಾಗುತ್ತೆ. ಚೌಕಾಸಿ ಮಾಡುವಾಗಲೇ ಇದನ್ನು ಲೆಕ್ಕಕ್ಕೆ ಹಿಡಿಯಿರಿ.

ಡೀಸೆಲ್ ಬೇಕಾ ಎನ್ನುವುದು ನೀವು ಕೇಳದ ಪ್ರಶ್ನೆ. ಆದರೂ ಹೇಳಬೇಕು. ವರ್ಷಕ್ಕೆ 12 ಸಾವಿರ ಕಿ.ಮೀ.ಗೆ ಪೆಟ್ರೋಲ್ ಗಾಡಿ ಲೀಟರಿಗೆ 17 ಕೊಟ್ಟರೆ, ಲೀಟರಿಗೆ 103 ರೂಪಾಯಿ ಲೆಕ್ಕದಲ್ಲಿ 73 ಸಾವಿರ ಆಗುತ್ತೆ. ಡೀಸೆಲ್ ಗಾಡಿ 21 ಕೊಟ್ಟರೆ, 91 ರೂಪಾಯಿ ಲೆಕ್ಕದಲ್ಲಿ 52 ಸಾವಿರ. ಸುಮಾರು 20 ಸಾವಿರ ಉಳಿತಾಯ. ಸಣ್ಣ ಮೊತ್ತ ಅಲ್ಲ, ಒಪ್ಪುತ್ತೇನೆ. ಆದರೆ ಏಳು ವರ್ಷ ದಾಟಿದ ಡೀಸೆಲ್ ಇಂಜಿನ್ನಿನಲ್ಲಿ ಟರ್ಬೊ, ಇಂಜೆಕ್ಟರ್, ಕ್ಲಚ್ ಕೆಲಸಗಳು ಒಂದರ ಹಿಂದೆ ಒಂದು ಬರುವ ಕಾಲ. ಟರ್ಬೊ ಮತ್ತು ಇಂಜೆಕ್ಟರ್ ಒಟ್ಟಿಗೆ ಬಂದರೆ ಮುಕ್ಕಾಲು ಲಕ್ಷದಿಂದ ಲಕ್ಷದವರೆಗೆ ಬಿಲ್ ಆಗಬಹುದು. ನಿಜವಾಗಿಯೂ 58 ಸಾವಿರ ಓಡಿದ ಗಾಡಿ ಆಗಿದ್ದರೆ ಈ ಅಪಾಯ ಕಮ್ಮಿ. ಆ ಅಂಕಿಯನ್ನೇ ನಂಬಲಾಗದಿದ್ದರೆ ಇಂಧನದ ಉಳಿತಾಯವನ್ನೂ ನಂಬುವ ಹಾಗಿಲ್ಲ.

ಸುರಕ್ಷತೆಯ ಮಾತು ಮಕ್ಕಳಿರುವ ಮನೆಗೆ ಹೇಳದೆ ಇರಲಾರೆ. ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಕಡ್ಡಾಯ ಆಗಿದ್ದು 2021ರ ಕೊನೆಗೆ. ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಎಲ್ಲ ಕಾರಿಗೂ ಬಂದಿದ್ದು 2019ರಲ್ಲಿ. 2018ರ ಗಾಡಿಯಲ್ಲಿ ಇವು ಇರಬಹುದು, ಇಲ್ಲದೆಯೂ ಇರಬಹುದು, ವೇರಿಯಂಟ್ ಮೇಲೆ ಹೋಗುತ್ತೆ. 2022ರ ನಂತರದ ಗಾಡಿಯಾದರೆ ಆ ಚಿಂತೆ ಇಲ್ಲ. ಪೆಟ್ರೋಲಿನಲ್ಲಿ ಇನ್ನೊಂದು ಕಾರಣವೂ ಇದೆ. ಈಗ ಬಂಕಿನಲ್ಲಿ ಸಿಗುವುದು ಶೇ. 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. 2023ರ ಏಪ್ರಿಲ್ ನಂತರ ತಯಾರಾದ ಕಾರುಗಳ ಪೈಪು, ರಬ್ಬರ್ ಭಾಗಗಳು ಅದಕ್ಕೆ ಒಗ್ಗುವ ಹಾಗೆ ಇರುತ್ತವೆ. ಅದಕ್ಕಿಂತ ಹಳೆಯದಾದರೆ ಕಂಪನಿಯ ಕೈಪಿಡಿಯಲ್ಲಿ ಏನು ಬರೆದಿದೆ ನೋಡಿಕೊಳ್ಳಿ.

ಬೆಂಗಳೂರು ಗಾಡಿ ಬೇಡ, ಊರ ಕಡೆಯದೇ ಒಳ್ಳೆಯದು ಅಂತ ಹೇಳುವವರೂ ಇದ್ದಾರೆ. ಅದು ಅಷ್ಟು ಸರಳ ಇಲ್ಲ. ಹೈವೇಯಲ್ಲಿ ಒಂದೇ ವೇಗದಲ್ಲಿ 80 ಸಾವಿರ ಓಡಿದ ಗಾಡಿಯ ಇಂಜಿನ್, ಕ್ಲಚ್ ಎಷ್ಟೋ ಸಲ ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ 40 ಸಾವಿರ ತೆವಳಿದ ಗಾಡಿಗಿಂತ ಚೆನ್ನಾಗಿರುತ್ತೆ. ಆದರೆ ಬೆಂಗಳೂರಿನ ಗಾಡಿಗಳಿಗೆ ಸರ್ವಿಸ್ ದಾಖಲೆ ಸಿಗುವುದು ಸುಲಭ. ಮಂಗಳೂರು, ಉಡುಪಿ, ಕಾರವಾರದ ನೋಂದಣಿ ಆದರೆ ಕೆಳಗೆ ಬಗ್ಗಿ ತುಕ್ಕು ನೋಡಲೇಬೇಕು, ಉಪ್ಪುಗಾಳಿ ತಗಡನ್ನು ತಿಂದಿರುತ್ತೆ. ದೆಹಲಿಯಿಂದ ಬಂದ ಗಾಡಿ ಅಗ್ಗ ಅಂತ ಆಸೆ ಪಡಬೇಡಿ. ಅಲ್ಲಿ ಹಳೆಯ ಗಾಡಿಗಳಿಗೆ ನಿರ್ಬಂಧ ಇರುವುದರಿಂದ ಕಮ್ಮಿಗೆ ಬಿಡುತ್ತಾರೆ. ಇಲ್ಲಿಗೆ ತಂದ ಮೇಲೆ ಎನ್‌ಒಸಿ, ಮರುನೋಂದಣಿ, ನಮ್ಮ ರಾಜ್ಯದ ತೆರಿಗೆ ಅಂತ ಸೇರಿ ಅಗ್ಗದ್ದು ಅಗ್ಗವಾಗಿ ಉಳಿಯುವುದಿಲ್ಲ.

ಹಾಗಾದರೆ ನೀವು ಏನು ಮಾಡಬೇಕು? ನಿಮ್ಮ ಓಡಾಟ, ಕೈಯಲ್ಲಿರುವ ದುಡ್ಡು ನೋಡಿದರೆ ನನ್ನ ಸಲಹೆ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಅಂದರೆ ಹಿಂದೆ ಡಿಕ್ಕಿ ಚಾಚಿಕೊಂಡಿರದ ಸಣ್ಣ ಕಾರು. 2022ರ ನಂತರದ್ದು, 2023ರ ಏಪ್ರಿಲ್ ನಂತರದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಒಬ್ಬರೇ ಓನರ್, ಹಾವೇರಿ, ದಾವಣಗೆರೆ, ಹುಬ್ಬಳ್ಳಿ ಸುತ್ತಮುತ್ತಲಿನದು, ಕಂಪನಿ ಸರ್ವಿಸ್ ದಾಖಲೆ ಇರುವುದು. ಮುಖ್ಯ ಕಾರಣ, ಕಂತು ನಿಮ್ಮ ಮಿತಿಯೊಳಗೇ ಇರುತ್ತೆ, ಆರ್‌ಸಿ, ಟೈರು, ಬ್ಯಾಟರಿ ಅಂತ ಬರುವ ಖರ್ಚಿಗೂ ನಿಮ್ಮ 3 ಲಕ್ಷದಲ್ಲಿ 50 ಸಾವಿರ ಉಳಿದಿರುತ್ತೆ. ಹೊಸ ಕಾರು ಕೊಂಡರೆ ಉಳಿಯುವುದು 10 ಸಾವಿರ, ಕಂತೂ ಮಿತಿ ದಾಟುತ್ತೆ. ವಯಸ್ಸಾದ ಅಮ್ಮ ಇರುವ ಮನೆಯಲ್ಲಿ ಮಿತಿ ಮೀರಿದ ಕಂತು ಹೊತ್ತು ಕಾರು ಕೊಳ್ಳಬೇಡಿ. ಕಂಪನಿಗಳೇ ನಡೆಸುವ ಸೆಕೆಂಡ್ ಹ್ಯಾಂಡ್ ಮಳಿಗೆಗಳಲ್ಲಿ ಬೆಲೆ ಮೂವತ್ತು ನಲವತ್ತು ಸಾವಿರ ಜಾಸ್ತಿ ಹೇಳಬಹುದು. ಆದರೆ ಕಾಗದಪತ್ರ ಅವರೇ ನೋಡಿಕೊಳ್ಳುತ್ತಾರೆ, ಆರು ತಿಂಗಳು ಅಥವಾ ಒಂದು ವರ್ಷದ ವಾರಂಟಿಯೂ ಇರುತ್ತೆ. ಗಾಡಿಯ ಜ್ಞಾನ ಇಲ್ಲದವರಿಗೆ ಆ ದುಡ್ಡು ದಂಡ ಅಲ್ಲ. ವಾರಂಟಿಯಲ್ಲಿ ಏನೇನು ಸೇರಿದೆ ಅಂತ ಮಾತ್ರ ಓದಿ, ಬಹಳಷ್ಟು ಸಲ ಇಂಜಿನ್ ಮತ್ತು ಗೇರ್‌ಬಾಕ್ಸ್ ಬಿಟ್ಟು ಬೇರೇನೂ ಇರುವುದಿಲ್ಲ.

ಎರಡು ಮೂರು ತಿಂಗಳು ಹುಡುಕಿದರೂ ಮನಸ್ಸಿಗೆ ಒಪ್ಪುವ ಗಾಡಿ ಸಿಗದಿದ್ದರೆ ಹೊಸದನ್ನೇ ತಗೊಳ್ಳಿ. ತಪ್ಪೇನಿಲ್ಲ. ಒಂದು ವೇರಿಯಂಟ್ ಕೆಳಗೆ ಇಳಿಯಿರಿ. ಟಚ್ ಸ್ಕ್ರೀನ್, ಅಲಾಯ್ ಚಕ್ರಗಳಿಗೆ ಕೊಡುವ ದುಡ್ಡು ಮಾರುವಾಗ ವಾಪಸ್ ಬರುವುದಿಲ್ಲ. ವಿಮೆಯನ್ನು ಶೋರೂಮಿನಲ್ಲೇ ಮಾಡಿಸಬೇಕು ಅಂತ ಕಡ್ಡಾಯ ಇಲ್ಲ, ಹೊರಗೆ ವಿಚಾರಿಸಿ. ಕಂತು ಕಮ್ಮಿ ಆಗುತ್ತೆ ಅಂತ ಏಳು ವರ್ಷದ ಸಾಲಕ್ಕೆ ಒಪ್ಪಬೇಡಿ. 5 ಲಕ್ಷಕ್ಕೆ ಕಂತು 8 ಸಾವಿರಕ್ಕೆ ಇಳಿಯುತ್ತೆ ನಿಜ. ಬಡ್ಡಿ 1.23ರಿಂದ 1.76 ಲಕ್ಷಕ್ಕೆ ಏರುತ್ತೆ.

ಯಾವ ಗಾಡಿ ನೋಡಲು ಹೋದರೂ ಬೆಳಿಗ್ಗೆ ಹೋಗಿ, ಇಂಜಿನ್ ತಣ್ಣಗಿರುವಾಗ. ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತ ಅನುಮಾನಿಸಿ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಸುಡುತ್ತಿದೆ, ಅಲ್ಲಿಂದ ಹೊರಟುಬಿಡಿ. ಬಾನೆಟ್ ಮತ್ತು ಡೋರಿನ ಬೋಲ್ಟ್‌ಗಳ ಮೇಲೆ ಸ್ಪ್ಯಾನರ್ ಗುರುತು ಇದ್ದರೆ ಆ ಭಾಗ ಬಿಚ್ಚಿ ಹಾಕಿದ್ದಾರೆ. ಸಣ್ಣ ಡೆಂಟಿಂಗ್ ಪೇಂಟಿಂಗ್ ಆಗಿದ್ದರೆ ಚಿಂತೆ ಇಲ್ಲ, ಚಾಸಿಗೆ (ಗಾಡಿಯ ಮೂಲ ಚೌಕಟ್ಟಿಗೆ) ಪೆಟ್ಟು ಬಿದ್ದಿದ್ದರೆ ಬೇಡ. ಟೈರಿನ ಪಕ್ಕ ನಾಲ್ಕು ಅಂಕಿ ಇರುತ್ತೆ, ಉದಾಹರಣೆಗೆ 2322 ಅಂದರೆ 2022ರ 23ನೇ ವಾರ ತಯಾರಾದದ್ದು. ಗಾಡಿ 20 ಸಾವಿರ ಓಡಿದೆ ಅಂತ ಹೇಳಿ ನಾಲ್ಕೂ ಟೈರ್ ಹೊಸದಿದ್ದರೆ, ಏಕೆ ಅಂತ ಕೇಳಿ. ನಿಮಗೆ ಹಿಡಿಸಿದ ಮೇಲೆ ಆ ಕಂಪನಿಯ ಸರ್ವಿಸ್ ಸೆಂಟರಿಗೋ, ನಿಮಗೆ ನಂಬಿಕೆ ಇರುವ ಮೆಕ್ಯಾನಿಕ್ ಹತ್ತಿರವೋ ಒಯ್ದು ದೋಷಗಳನ್ನು ತೋರಿಸುವ ಸ್ಕ್ಯಾನರ್ ಹಾಕಿಸಿ. ಒಂದೆರಡು ಸಾವಿರ ಖರ್ಚಾಗುತ್ತೆ. ತಪಾಸಣೆಗೆ ಬಿಡುವುದಿಲ್ಲ ಎನ್ನುವವರ ಗಾಡಿ ಕೊಳ್ಳಬೇಡಿ, ಬೆಲೆ ಎಷ್ಟೇ ಇಳಿಸಲಿ.

ಅಮ್ಮನನ್ನೂ ಕರೆದುಕೊಂಡು ಹೋಗಿ. ಸೆಡಾನ್ ಸೀಟು ತಗ್ಗು, ಮಂಡಿನೋವಿನವರು ಅದರಿಂದ ಎದ್ದು ಬರುವುದು ಕಷ್ಟ. ಎತ್ತರದ ಹ್ಯಾಚ್‌ಬ್ಯಾಕ್‌ನಲ್ಲಿ ಕುರ್ಚಿಯಲ್ಲಿ ಕೂತ ಹಾಗೆ ಕೂರಬಹುದು. ಎರಡು ಸಲ ಹತ್ತಿಸಿ ಇಳಿಸಿ ನೋಡಿದರೆ ಅವರೇ ಹೇಳುತ್ತಾರೆ.

ಆ ಬ್ರೋಕರ್ ಮತ್ತೆ ಫೋನ್ ಮಾಡಿದರೆ ಮೂರು ಕಾಗದ ಕೇಳಿ. ಆರ್‌ಸಿಯ ಎರಡೂ ಬದಿಯ ಫೋಟೊ, ಸಾಲದ ಬಾಕಿ ಎಷ್ಟು ಅಂತ ಬ್ಯಾಂಕ್ ಕೊಟ್ಟ ಪತ್ರ, ಕಂಪನಿ ಸರ್ವಿಸ್ ಹಿಸ್ಟರಿ. ಆರ್‌ಸಿ ಸಂಖ್ಯೆ ಸಿಕ್ಕ ಕೂಡಲೇ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಂದಣಿ ದಿನಾಂಕ, ಗಾಡಿಯ ವರ್ಗ, ವಿಮೆ ಯಾವತ್ತಿನವರೆಗೆ ಇದೆ ಅಂತ ನೀವೇ ನೋಡಿಕೊಳ್ಳಬಹುದು. ಬಾಕಿ ದಂಡ ಇದೆಯಾ ಅಂತಲೂ ಪರಿಶೀಲಿಸಿ, ಬೆಂಗಳೂರಿನ ಗಾಡಿಗಳ ಮೇಲೆ ಸಿಗ್ನಲ್ ಕ್ಯಾಮೆರಾದ ದಂಡ ಸಾವಿರಗಟ್ಟಲೆ ಕೂತಿರುತ್ತೆ. ಮೂರೂ ಕಾಗದ ಬಂದರೆ ಗಾಡಿ ನೋಡಲು ಹೋಗಿ. 'ಬೇರೆ ಪಾರ್ಟಿ ರೆಡಿ ಇದ್ದಾರೆ, ಇವತ್ತೇ ಅಡ್ವಾನ್ಸ್ ಹಾಕಿ' ಅಂದರೆ ಆ ಪಾರ್ಟಿಗೇ ಕೊಡಲು ಹೇಳಿ ಫೋನ್ ಇಡಿ.